ಹಳೆಯ ಕಾದಂಬರಿಯಿಂದ ಸಂಗೀತ ನಾಟಕಕ್ಕೆ: ಹಕ್ಕು, ಹಾಡು ಮತ್ತು ಹಣದ ಸಮಗ್ರ ಮಾರ್ಗದರ್ಶಿ

ಕನ್ನಡ ರಂಗಭೂಮಿಗೆ ಹಾಡು ಹೊಸದಲ್ಲ. ವೃತ್ತಿ ಕಂಪನಿಗಳ ಕಾಲದಲ್ಲಿ ನಾಟಕವೆಂದರೆ ಸಂಗೀತ ನಾಟಕವೇ ಆಗಿತ್ತು. ಹಾಡಲು ಬಾರದ ನಟನಿಗೆ ಮುಖ್ಯ ಪಾತ್ರ ದಕ್ಕುವುದು ಕಷ್ಟವಿತ್ತು. ದೊಡ್ಡ ಕಾದಂಬರಿಯನ್ನು ರಂಗಕ್ಕೆ ತರುವ ಸಾಹಸವೂ ನಮಗೆ ಅಪರಿಚಿತವಲ್ಲ. ಮೈಸೂರಿನ ರಂಗಾಯಣವು 2010ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪ, ಸಿ. ಬಸವಲಿಂಗಯ್ಯನವರ ನಿರ್ದೇಶನ ಮತ್ತು ಹಂಸಲೇಖ ಅವರ ಸಂಗೀತದಲ್ಲಿ ಸುಮಾರು ಒಂಬತ್ತು ಗಂಟೆಗಳ ಅಹೋರಾತ್ರಿ ಪ್ರಯೋಗವಾಗಿ ಕಟ್ಟಿತು. ಆದರೆ ಅದರ ಹಿಂದೆ ಸರ್ಕಾರಿ ರೆಪರ್ಟರಿಯೊಂದರ, ಅಂದರೆ ಸಂಬಳದ ಕಾಯಂ ನಾಟಕ ತಂಡದ, ಬಲವಿತ್ತು. ಈ ಮಾರ್ಗದರ್ಶಿ ಇರುವುದು ಅಂಥ ಬಲವಿಲ್ಲದ, ಹದಿನೈದು-ಇಪ್ಪತ್ತು ಜನರ ಹವ್ಯಾಸಿ ತಂಡಕ್ಕಾಗಿ.

ಇಂಥ ತಂಡಗಳು ಸಾಮಾನ್ಯವಾಗಿ ರಂಗಪಠ್ಯವನ್ನು ಒಬ್ಬರಿಗೆ, ಸಂಗೀತವನ್ನು ಇನ್ನೊಬ್ಬರಿಗೆ, ಹಣ ಹೊಂದಿಸುವುದನ್ನು ಮೂರನೆಯವರಿಗೆ ಒಪ್ಪಿಸಿ, ಮೂರೂ ಬೇರೆ ಬೇರೆ ದಿಕ್ಕಿಗೆ ಹೋದಮೇಲೆ ಪರದಾಡುತ್ತವೆ. ಹಾಡು ಎಲ್ಲಿ ಬೇಕು, ಯಾರ ಬಾಯಲ್ಲಿ ಬೇಕು, ಯಾಕೆ ಬೇಕು ಎಂಬ ನಿರ್ಧಾರವೇ ಈ ಇಡೀ ಕೆಲಸದ ಬುನಾದಿ ಎಂಬುದು ನನ್ನ ಅಭಿಪ್ರಾಯ. ಆ ನಿರ್ಧಾರವನ್ನು ಒಂದು ಹಾಳೆಯ ಮೇಲೆ ಬರೆದುಕೊಂಡರೆ ರಂಗಪಠ್ಯವೂ ಅದರಿಂದಲೇ ಹುಟ್ಟುತ್ತದೆ, ಖರ್ಚಿನ ಲೆಕ್ಕವೂ ಅದರಿಂದಲೇ ತಿಳಿಯುತ್ತದೆ, ಪೋಷಕರ ಮುಂದೆ ತೋರಿಸಬೇಕಾದುದೂ ಅದೇ ಆಗುತ್ತದೆ.

ಮೊದಲ ಹೆಜ್ಜೆ: ಹಕ್ಕು ಯಾರದು ಎಂದು ತಿಳಿಯುವುದು

ಒಂದು ಸಾಲು ಬರೆಯುವ ಮೊದಲೇ ಈ ಪ್ರಶ್ನೆ ಬಗೆಹರಿಯಬೇಕು. 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರ ಜೀವಿತಾವಧಿಯಲ್ಲಿ ಪ್ರಕಟವಾದ ಸಾಹಿತ್ಯ ಕೃತಿಯ ಹಕ್ಕು ಅವರು ತೀರಿಕೊಂಡ ವರ್ಷದ ಮರುವರ್ಷದಿಂದ ಎಣಿಸಿ ಅರವತ್ತು ವರ್ಷ ಇರುತ್ತದೆ. ಕಾದಂಬರಿಯನ್ನು ನಾಟಕವಾಗಿಸುವುದು ಆ ಕಾಯಿದೆಯ ಲೆಕ್ಕದಲ್ಲಿ ‘ರೂಪಾಂತರ’. ಅದರ ಹಕ್ಕು ಮೂಲ ಲೇಖಕರದ್ದು, ಅವರ ನಂತರ ವಾರಸುದಾರರದ್ದು. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕಾದಂಬರಿಗಳಿಗೆ 2054ರ ಕೊನೆಯವರೆಗೂ, 1997ರಲ್ಲಿ ತೀರಿಕೊಂಡ ಶಿವರಾಮ ಕಾರಂತರ ಕಾದಂಬರಿಗಳಿಗೆ 2057ರ ಕೊನೆಯವರೆಗೂ ಅನುಮತಿ ಬೇಕೇ ಬೇಕು. 1913ರಲ್ಲಿ ತೀರಿಕೊಂಡ ಗುಲ್ವಾಡಿ ವೆಂಕಟರಾಯರ, 1921ರಲ್ಲಿ ತೀರಿಕೊಂಡ ಕೆರೂರು ವಾಸುದೇವಾಚಾರ್ಯರ, 1930ರಲ್ಲಿ ತೀರಿಕೊಂಡ ಎಂ.ಎಸ್. ಪುಟ್ಟಣ್ಣನವರ ಕೃತಿಗಳಾದರೋ ಈಗ ಎಲ್ಲರ ಸ್ವತ್ತು. ಲೇಖಕರ ಮರಣಾನಂತರ ಪ್ರಕಟವಾದ ಕೃತಿಗೆ ಅರವತ್ತು ವರ್ಷಗಳ ಎಣಿಕೆ ಪ್ರಕಟಣೆಯಿಂದ ಶುರುವಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಮೂಲ ಕೃತಿ ಮುಕ್ತವಾಗಿದ್ದರೂ ಅದರ ಇತ್ತೀಚಿನ ಅನುವಾದಕ್ಕೆ ಅನುವಾದಕರ ಹಕ್ಕು ಪ್ರತ್ಯೇಕವಾಗಿ ಇರುತ್ತದೆ. ಆದ್ದರಿಂದ ರಷ್ಯನ್ ಅಥವಾ ಬಂಗಾಳಿ ಕಾದಂಬರಿಯನ್ನು ಕನ್ನಡ ಅನುವಾದದ ಮೂಲಕ ಓದಿ ನಾಟಕ ಮಾಡುವವರು ಅನುವಾದಕರನ್ನೂ ಕೇಳಬೇಕಾಗುತ್ತದೆ.

ಅನುಮತಿ ಬಾಯಿಮಾತಿನಲ್ಲಿ ಸಿಕ್ಕರೆ ಸಿಕ್ಕಂತಲ್ಲ. ಪತ್ರ ಬರವಣಿಗೆಯಲ್ಲಿರಬೇಕು, ಹಕ್ಕುದಾರರ ಸಹಿ ಇರಬೇಕು. ವಾರಸುದಾರರು ಹಲವರಿದ್ದರೆ ಎಲ್ಲರ ಸಹಿಯೂ, ಇಲ್ಲವೇ ಒಬ್ಬರಿಗೆ ಉಳಿದವರು ಕೊಟ್ಟ ಅಧಿಕಾರಪತ್ರವೂ ಇರಬೇಕು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಕಾಯಿದೆಯು ಅದನ್ನು ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದೂ ಭಾವಿಸುತ್ತದೆ. ಇನ್ನೂ ಮುಖ್ಯವಾದುದು, ಬೇರೆ ಷರತ್ತು ಬರೆದಿಲ್ಲದಿದ್ದರೆ ಒಂದು ವರ್ಷದೊಳಗೆ ಹಕ್ಕನ್ನು ಬಳಸಿಕೊಳ್ಳದವರ ಕೈಯಿಂದ ಅದು ಜಾರಿಹೋಗುತ್ತದೆ. ಸಂಗೀತ ನಾಟಕ ಒಂದೇ ವರ್ಷದಲ್ಲಿ ಸಿದ್ಧವಾಗುವುದು ಅಪರೂಪ. ಹಾಗಾಗಿ ಮೊದಲ ಪ್ರದರ್ಶನಕ್ಕೆ ಕನಿಷ್ಠ ಎರಡು ವರ್ಷದ ಕಾಲಾವಕಾಶವನ್ನು ಪತ್ರದಲ್ಲೇ ಬರೆಸಿಕೊಳ್ಳುವುದು ಜಾಣತನ. ವಿದೇಶದ ಕನ್ನಡ ಸಂಘಗಳಲ್ಲಿ ಆಡುವ ಆಸೆಯಿದ್ದರೆ ಪ್ರದೇಶವನ್ನೂ, ಧ್ವನಿಮುದ್ರಣ ಮತ್ತು ವಿಡಿಯೋ ಚಿತ್ರೀಕರಣದ ಹಕ್ಕನ್ನೂ ಆಗಲೇ ಸೇರಿಸಬೇಕು.

‘ನಾವು ಹವ್ಯಾಸಿಗಳು, ನಮಗೆ ಅನುಮತಿ ಬೇಡ’ ಎಂಬ ಮಾತು ರಂಗವಲಯದಲ್ಲಿ ಆಗಾಗ ಕೇಳಿಬರುತ್ತದೆ. ಕಾಯಿದೆಯಲ್ಲಿ ಹವ್ಯಾಸಿ ಸಂಘಗಳಿಗೆ ಇರುವ ವಿನಾಯಿತಿ ಪ್ರದರ್ಶನಕ್ಕೆ ಸಂಬಂಧಿಸಿದ್ದು, ಅದೂ ಹಣ ಕೊಡದ ಪ್ರೇಕ್ಷಕರ ಮುಂದೆ ಅಥವಾ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥ ಆಡಿದಾಗ ಮಾತ್ರ. ಟಿಕೆಟ್ ಮಾರಿ, ಪ್ರಾಯೋಜಕರನ್ನು ಹಿಡಿದು ಆಡುವ ನಾಟಕಕ್ಕೆ ಅದರ ನೆರಳು ತಾಗುವುದಿಲ್ಲ.

ಕಾದಂಬರಿಯ ಆಯ್ಕೆ

ಒಳ್ಳೆಯ ಕಾದಂಬರಿಯೆಲ್ಲ ಒಳ್ಳೆಯ ಸಂಗೀತ ನಾಟಕವಾಗುವುದಿಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಲೋಕದಲ್ಲಿ ಜನ ಹಾಡುವುದಕ್ಕೆ ಕಾರಣವಿದೆಯೇ? ಮದುವೆ, ಜಾತ್ರೆ, ಭಜನೆ, ನಾಟಿ, ಹರಿಕಥೆ, ಶೋಕ, ಮೆರವಣಿಗೆ ಇವು ಕಥೆಯೊಳಗೇ ಇದ್ದರೆ ಹಾಡನ್ನು ಹೊರಗಿನಿಂದ ಅಂಟಿಸಬೇಕಾಗಿಲ್ಲ. ಒಬ್ಬ ಮನುಷ್ಯನ ತಲೆಯೊಳಗಿನ ತರ್ಕವೇ ಪೂರ್ತಿ ವಸ್ತುವಾಗಿರುವ ನವ್ಯ ಕಾದಂಬರಿಯನ್ನು ಹಾಡಿಗೆ ಎಳೆಯುವುದು ಸಾಧ್ಯವಾದರೂ, ಮೊದಲ ಸಲಕ್ಕೆ ಅದು ಬೇಡ.

ಮುಂದಿನ ಹೆಜ್ಜೆಗಳನ್ನು ವಿವರಿಸಲು ‘ಇಂದಿರಾಬಾಯಿ’ಯನ್ನು ತೆಗೆದುಕೊಳ್ಳುತ್ತೇನೆ. ಗುಲ್ವಾಡಿ ವೆಂಕಟರಾಯರು ಬರೆದ ಈ ಕೃತಿ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಇದನ್ನು ಗುರುತಿಸಲಾಗುತ್ತದೆ. ಕರಾವಳಿಯ ಸಾರಸ್ವತ ಸಮಾಜದ ಬಾಲವಿಧವೆಯೊಬ್ಬಳು ಸಂತರ ವೇಷದ ಡಾಂಭಿಕರಿಗೆ ಮರುಳಾದ ತಂದೆತಾಯಿಯರ ಮನೆಯನ್ನು ಬಿಟ್ಟು, ಅಮೃತರಾಯರ ಆಶ್ರಯ ಪಡೆದು, ವಿದ್ಯೆ ಕಲಿತು, ಭಾಸ್ಕರರಾಯನನ್ನು ಮರುಮದುವೆಯಾಗುವುದು ಇದರ ಕಥೆ. ಹಕ್ಕಿನ ತೊಡಕಿಲ್ಲ, ಪಾತ್ರಗಳು ಸ್ಪಷ್ಟ, ಭಜನೆಯ ಗದ್ದಲ ಕಥೆಯೊಳಗೇ ಇದೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ನಾಯಕಿ ಒಂದು ಹೊಸ್ತಿಲು ದಾಟುತ್ತಾಳೆ.

ಹಾಡಿನ ನಕ್ಷೆ

ಕಾದಂಬರಿಯನ್ನು ಮೂರು ಸಲ ಓದಬೇಕು. ಮೊದಲ ಸಲ ಬರೀ ಓದುಗರಾಗಿ. ಎರಡನೆಯ ಸಲ ಪ್ರತಿ ಅಧ್ಯಾಯದಲ್ಲಿ ಏನು ಬದಲಾಯಿತು ಎಂಬುದನ್ನು ಒಂದೊಂದೇ ವಾಕ್ಯದಲ್ಲಿ ಬರೆಯುತ್ತ. ಏನೂ ಬದಲಾಗದ ಅಧ್ಯಾಯ ಎಷ್ಟೇ ಸೊಗಸಾಗಿದ್ದರೂ ರಂಗಕ್ಕೆ ಬರುವುದಿಲ್ಲ. ಮೂರನೆಯ ಸಲ ಕಾದಂಬರಿಕಾರ ತಾನೇ ಮುಂದೆ ಬಂದು ಮಾತನಾಡುವ ಜಾಗಗಳನ್ನು ಗುರುತಿಸುತ್ತ. ಈ ಮೂರನೆಯ ಓದೇ ಸಂಗೀತ ನಾಟಕಕ್ಕೆ ಅತ್ಯಂತ ಉಪಯುಕ್ತವಾದುದು, ಏಕೆಂದರೆ ರಂಗದ ಮೇಲೆ ಕಾದಂಬರಿಕಾರ ಇರುವುದಿಲ್ಲ. ಅವನು ಮಾಡುತ್ತಿದ್ದ ಕೆಲಸವನ್ನು, ಅಂದರೆ ಕಾಲವನ್ನು ಜಿಗಿಸುವುದು, ಊರಿನ ಅಭಿಪ್ರಾಯ ಹೇಳುವುದು, ವ್ಯಂಗ್ಯವಾಡುವುದು, ಮನಸ್ಸಿನೊಳಗೆ ಇಣುಕುವುದು ಇವನ್ನೆಲ್ಲ ಹಾಡು ಮಾಡಬೇಕು. ‘ಮಲೆಗಳಲ್ಲಿ ಮದುಮಗಳು’ ರಂಗರೂಪದಲ್ಲಿ ಜೋಗಿಗಳೇ ಮೊದಲಾದ ಅಲೆಮಾರಿ ಕಥನಕಾರರು ಕಥೆಯನ್ನು ಹಾಡಿ ನಡೆಸಿದ್ದು ಇದೇ ಕಾರಣಕ್ಕೆ. ಯಕ್ಷಗಾನದ ಭಾಗವತರು ಶತಮಾನಗಳಿಂದ ಮಾಡುತ್ತಿರುವುದೂ ಇದನ್ನೇ.

ಅನಂತರ ನಕ್ಷೆ ಬರೆಯಬೇಕು. ಎಡಗಡೆ ದೃಶ್ಯ, ನಡುವೆ ಹಾಡಿನ ಕೆಲಸ, ಬಲಗಡೆ ಹಾಡುವವರು ಮತ್ತು ಧಾಟಿ. ಹಾಡಿನ ಕೆಲಸವನ್ನು ಒಂದು ಕ್ರಿಯಾಪದದಲ್ಲಿ ಹೇಳಲಾಗದಿದ್ದರೆ ಆ ಹಾಡು ಬೇಡವೆಂದು ಅರ್ಥ. ‘ದುಃಖದ ಹಾಡು’ ಎಂದು ಬರೆದರೆ ಸಾಲದು. ‘ತಾಯಿ ಮಗಳನ್ನು ತಡೆಯುತ್ತಾಳೆ’, ‘ಊರು ಬಾಗಿಲು ಮುಚ್ಚುತ್ತದೆ’ ಎಂಬಂತಿರಬೇಕು. ಎರಡೂಕಾಲು ಗಂಟೆಯ ನಾಟಕಕ್ಕೆ ಹನ್ನೆರಡರಿಂದ ಹದಿನಾಲ್ಕು ಹಾಡುಗಳು, ಸರಾಸರಿ ಮೂರು ನಿಮಿಷದಂತೆ, ಒಟ್ಟು ನಲವತ್ತು ನಿಮಿಷದ ಆಸುಪಾಸು ಸಂಗೀತ ಎಂಬುದು ನಾನು ಇಟ್ಟುಕೊಳ್ಳುವ ಅಳತೆ. ಇದಕ್ಕಿಂತ ಕಡಿಮೆಯಾದರೆ ಅದು ಅಲ್ಲಲ್ಲಿ ಹಾಡುಗಳಿರುವ ಮಾತಿನ ನಾಟಕವಾಗುತ್ತದೆ.

‘ಇಂದಿರಾಬಾಯಿ’ಗೆ ಈ ನಕ್ಷೆ ಹೇಗಿರಬಹುದು? ವೈಧವ್ಯವೆಂದರೆ ಆ ಕಾಲದಲ್ಲಿ ಹಸೆ, ಆರತಿ, ಸೋಬಾನೆಗಳಿಂದ ಹೊರಗಾಗುವುದು. ಹಾಗಿದ್ದಮೇಲೆ ಮೊದಲ ಅಂಕದುದ್ದಕ್ಕೂ ಮನೆಯವರು, ಸಂತರು, ನೆರೆಹೊರೆಯವರು ಎಲ್ಲರೂ ಹಾಡಲಿ. ಇಂದಿರೆ ಮಾತ್ರ ಹಾಡದಿರಲಿ. ಅವಳ ಮೊದಲ ಹಾಡು ಮನೆ ಬಿಡುವ ಕ್ಷಣದಲ್ಲಿ, ಪಕ್ಕವಾದ್ಯವಿಲ್ಲದೆ, ನಾಲ್ಕೇ ಸಾಲಿನಲ್ಲಿ ಬರಲಿ. ಎರಡನೆಯ ಅಂಕದಲ್ಲಿ ಅವಳು ಓದುತ್ತ ಹೋದಂತೆ ಹಾಡು ಉದ್ದವಾಗಲಿ, ಕೊನೆಗೆ ಮೇಳ ಅವಳ ಪಲ್ಲವಿಯನ್ನು ಎತ್ತಿಕೊಳ್ಳಲಿ. ಹೀಗೆ ಮಾಡಿದಾಗ ಸುಧಾರಣೆಯ ಪರವಾಗಿ ಕಾದಂಬರಿಕಾರ ಪುಟಗಟ್ಟಲೆ ಬರೆದ ವಾದದಲ್ಲಿ ಬಹುಪಾಲನ್ನು ಕೈಬಿಡಬಹುದು. ಹಾಡುವ ಅಧಿಕಾರ ಯಾರಿಗಿತ್ತು, ಯಾರಿಗೆ ಬಂತು ಎಂಬುದೇ ವಾದವಾಗುತ್ತದೆ. ತಂಡದಲ್ಲಿ ಅತ್ಯುತ್ತಮ ಗಾಯಕಿಯನ್ನು ನಾಯಕಿಯಾಗಿ ಇಟ್ಟುಕೊಂಡು ಒಂದು ಗಂಟೆ ಸುಮ್ಮನಿರಿಸುವುದಕ್ಕೆ ನಿರ್ದೇಶಕರು ಒಪ್ಪುತ್ತಾರೆಯೇ ಎಂಬುದು ಬೇರೆ ಮಾತು. ಒಪ್ಪಿಸಬೇಕು.

ಸಾಹಿತ್ಯ ಮತ್ತು ಸಂಗೀತ

ಹಾಡಿನ ಮಾತನ್ನು ಕಾದಂಬರಿಯ ಗದ್ಯದಿಂದ ನೇರವಾಗಿ ಎತ್ತಿಕೊಳ್ಳಬಾರದು. ಹತ್ತೊಂಬತ್ತನೆಯ ಶತಮಾನದ ಸಂಸ್ಕೃತಭೂಯಿಷ್ಠ ವಾಕ್ಯ ಓದುವಾಗ ಗಂಭೀರವಾಗಿದ್ದರೂ ಕಿವಿಗೆ ಒಂದೇ ಸಲಕ್ಕೆ ಇಳಿಯುವುದಿಲ್ಲ. ಡಾಂಭಿಕ ಸಂತರ ಬಾಯಲ್ಲಿ ಆ ಭಾರದ ಭಾಷೆಯನ್ನೂ, ಇಂದಿರೆಯ ಬಾಯಲ್ಲಿ ಅಚ್ಚಗನ್ನಡದ ಚಿಕ್ಕ ಮಾತನ್ನೂ ಇಟ್ಟರೆ ಭಾಷೆಯೇ ಪಕ್ಷ ಹಿಡಿಯುತ್ತದೆ. ಮೊದಲು ಮಟ್ಟು ಹಾಕಿ ಆಮೇಲೆ ಮಾತು ತುಂಬುವ ಪದ್ಧತಿ ಕಂಪನಿ ನಾಟಕಗಳಲ್ಲಿತ್ತು. ಜನಪ್ರಿಯ ಮರಾಠಿ ಮತ್ತು ಹಿಂದಿ ಮಟ್ಟುಗಳ ಮೇಲೆ ಕನ್ನಡ ಪದ ಕೂರಿಸುತ್ತಿದ್ದರು. ಇಂದು ಸಿನಿಮಾ ಹಾಡಿನ ಮಟ್ಟನ್ನು ಹಾಗೆ ಎತ್ತಿಕೊಂಡರೆ ಮತ್ತೆ ಹಕ್ಕಿನ ಪ್ರಶ್ನೆ ಏಳುತ್ತದೆ. ಹಾಗಾಗಿ ಮಾತು ಮೊದಲು, ಮಟ್ಟು ಆಮೇಲೆ ಎಂಬ ಕ್ರಮವೇ ಕಾದಂಬರಿ ಆಧಾರಿತ ನಾಟಕಕ್ಕೆ ಕ್ಷೇಮ.

ಧಾಟಿಗಳನ್ನು ಕಥೆಯ ನೆಲದಿಂದಲೇ ಆರಿಸಬೇಕು. 1890ರ ದಶಕದ ಮಂಗಳೂರಿನ ಕಿವಿಯಲ್ಲಿ ದಾಸರ ಪದವಿತ್ತು, ಕೊಂಕಣಿ ಭಜನೆಯಿತ್ತು, ಚೆಂಡೆ-ಮದ್ದಳೆಯಿತ್ತು, 1834ರಿಂದ ಅಲ್ಲಿ ನೆಲೆಸಿದ್ದ ಬಾಸೆಲ್ ಮಿಷನ್ನಿನವರ ಕನ್ನಡ ಕೀರ್ತನೆಗಳೂ ಇದ್ದವು. ಇಲ್ಲೊಂದು ಎಚ್ಚರಿಕೆ ಅಗತ್ಯ. ಭಜನೆಯನ್ನು ಡಾಂಭಿಕರಿಗೂ ಚರ್ಚಿನ ಸಂಗೀತವನ್ನು ಸುಧಾರಕರಿಗೂ ಹಂಚಿಬಿಟ್ಟರೆ, ಸಮಾಜದ ಒಳಗಿನಿಂದಲೇ ಬದಲಾವಣೆ ಕೇಳಿದ ಕಾದಂಬರಿ ಮತಾಂತರದ ಕಥೆಯಂತೆ ಕೇಳಿಸತೊಡಗುತ್ತದೆ. ಡಾಂಭಿಕ ಸಂತನ ಅಬ್ಬರದ ಭಜನೆಯ ಪಕ್ಕದಲ್ಲೇ ಅಮೃತರಾಯರ ಮನೆಯಲ್ಲೊಂದು ತಂಪಾದ ದಾಸರ ಪದ ಬಂದರೆ ಲೇಖಕರ ಆಶಯ ಉಳಿಯುತ್ತದೆ.

ಸಂಗೀತ ನಿರ್ದೇಶಕರನ್ನು ತಾಲೀಮಿನ ಕೊನೆಯ ತಿಂಗಳಲ್ಲಿ ಕರೆಯುವುದು ನಮ್ಮ ತಂಡಗಳ ಹಳೆಯ ಚಾಳಿ. ಅವರು ನಕ್ಷೆ ಬರೆಯುವಾಗಲೇ ಇರಬೇಕು. ಬಾಲ್ಯದಲ್ಲೇ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು ನಿರ್ದೇಶಕರೂ ಸಂಗೀತಗಾರರೂ ಒಬ್ಬರೇ ಆಗಿದ್ದರಿಂದ ಅವರ ನಾಟಕಗಳಲ್ಲಿ ಮಾತು ಎಲ್ಲಿ ನಿಂತಿತು, ಹಾಡು ಎಲ್ಲಿ ಹುಟ್ಟಿತು ಎಂಬ ಹೊಲಿಗೆ ಕಾಣುತ್ತಿರಲಿಲ್ಲ. ಅಂಥವರು ಎಲ್ಲ ತಂಡಕ್ಕೂ ಸಿಗುವುದಿಲ್ಲ. ಇಬ್ಬರನ್ನು ಮೊದಲ ದಿನದಿಂದ ಒಟ್ಟಿಗೆ ಕೂರಿಸುವುದು ನಮ್ಮ ಕೈಯಲ್ಲಿದೆ. ಹಿಮ್ಮೇಳಕ್ಕೆ ಹಾರ್ಮೋನಿಯಂ, ಒಂದು ಚರ್ಮವಾದ್ಯ, ಕೊಳಲು ಅಥವಾ ಪಿಟೀಲು, ಬಗೆಬಗೆಯ ತಾಳವಾದ್ಯ ನುಡಿಸುವ ಒಬ್ಬರು, ಹೀಗೆ ನಾಲ್ವರು ಸಾಕು. ಖರ್ಚು ಉಳಿಸಲು ಮೊದಲೇ ಧ್ವನಿಮುದ್ರಿಸಿದ ಟ್ರ್ಯಾಕ್ ಬಳಸುವವರು ಹೆಚ್ಚುತ್ತಿದ್ದಾರೆ. ಆದರೆ ಟ್ರ್ಯಾಕ್ ನಟನಿಗಾಗಿ ಕಾಯುವುದಿಲ್ಲ, ಪ್ರೇಕ್ಷಕರ ನಗುವಿಗೂ ಕಾಯುವುದಿಲ್ಲ.

ಗೀತರಚನೆಕಾರರು, ಸಂಗೀತ ನಿರ್ದೇಶಕರು, ರಂಗರೂಪಕಾರರು ಈ ಮೂವರೊಂದಿಗೂ ಬರಹದ ಒಪ್ಪಂದ ಬೇಕು. ಒಂದು ಬಾರಿಯ ಸಂಭಾವನೆ ಎಷ್ಟು, ಪ್ರತಿ ಪ್ರದರ್ಶನಕ್ಕೆ ಗೌರವಧನ ಎಷ್ಟು, ಬೇರೆ ತಂಡ ಈ ಪಠ್ಯವನ್ನು ಆಡಬಯಸಿದರೆ ಯಾರನ್ನು ಕೇಳಬೇಕು ಎಂಬ ಮೂರು ಅಂಶಗಳಾದರೂ ಇರಲಿ. ಮುಕ್ತ ಕೃತಿಯ ಹೊಸ ರೂಪಾಂತರಕ್ಕೆ ತನ್ನದೇ ಕೃತಿಸ್ವಾಮ್ಯ ಇರುತ್ತದೆ. ನೋಂದಣಿ ಕಡ್ಡಾಯವಲ್ಲವಾದರೂ ಕೃತಿಸ್ವಾಮ್ಯ ಕಚೇರಿಯಲ್ಲಿ ಮಾಡಿಸಿಟ್ಟರೆ ಮುಂದೆ ವ್ಯಾಜ್ಯ ಬಂದಾಗ ಸಾಕ್ಷಿಯಾಗುತ್ತದೆ.

ಇಪ್ಪತ್ತು ನಿಮಿಷದ ಮಾದರಿ

ಪೂರ್ತಿ ನಾಟಕ ಸಿದ್ಧವಾಗುವವರೆಗೆ ಕಾದು ಹಣ ಕೇಳಬಾರದು. ಬರೀ ಕಾಗದ ಹಿಡಿದೂ ಕೇಳಬಾರದು. ಮೂರು ಹಾಡು ಮತ್ತು ಅವನ್ನು ಜೋಡಿಸುವ ಎರಡು ದೃಶ್ಯಗಳ ಇಪ್ಪತ್ತು ನಿಮಿಷದ ಮಾದರಿಯೊಂದನ್ನು ವೇಷಭೂಷಣವಿಲ್ಲದೆ, ರಂಗಸಜ್ಜಿಕೆಯಿಲ್ಲದೆ ಸಿದ್ಧಪಡಿಸಬೇಕು. ನಮ್ಮ ಉದಾಹರಣೆಯಲ್ಲಿ ಸಂತರ ಭಜನೆ, ಇಂದಿರೆಯ ನಾಲ್ಕು ಸಾಲು, ಊರಿನವರ ಬಾಯಿಬಡುಕ ಮೇಳಗೀತೆ ಈ ಮೂರು ಸಾಕು. ಮೂವತ್ತು ಜನರನ್ನು ಕರೆದು ತೋರಿಸಿ, ಕಥೆ ಎಲ್ಲಿ ಅರ್ಥವಾಗಲಿಲ್ಲ ಎಂದಷ್ಟೇ ಕೇಳಿ, ತಿದ್ದಿ, ಮೂರು ಹಾಡುಗಳನ್ನು ಸ್ವಚ್ಛವಾಗಿ ಧ್ವನಿಮುದ್ರಿಸಿಕೊಳ್ಳಬೇಕು. ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ‘ಲೆ ಮಿಜರಾಬ್ಲ್’ ಕಾದಂಬರಿಯ ಜಗತ್ಪ್ರಸಿದ್ಧ ಸಂಗೀತ ನಾಟಕವೂ 1980ರಲ್ಲಿ ಮೊದಲು ಹಾಡುಗಳ ಆಲ್ಬಮ್ಮಾಗಿ ಹೊರಬಂದು, ಆಮೇಲೆ ಪ್ಯಾರಿಸ್ಸಿನಲ್ಲಿ ರಂಗಕ್ಕೇರಿ, 1985ರಲ್ಲಿ ಲಂಡನ್ ತಲುಪಿತು. ಕೇಳಿಸಬಲ್ಲ ಹಾಡು ಕೈಯಲ್ಲಿದ್ದರೆ ಉಳಿದದ್ದನ್ನು ಊಹಿಸಿಕೊಳ್ಳುವುದು ಹಣ ಕೊಡುವವರಿಗೂ ಸುಲಭ.

ಲೆಕ್ಕ

ಖರ್ಚನ್ನು ಎರಡು ಪಟ್ಟಿಯಾಗಿ ಬರೆಯಬೇಕು: ನಾಟಕ ಕಟ್ಟುವ ಖರ್ಚು ಮತ್ತು ಪ್ರತಿ ಪ್ರದರ್ಶನದ ಖರ್ಚು. ಮೊದಲನೆಯದರಲ್ಲಿ ಸಂಭಾವನೆಗಳು, ತಾಲೀಮಿನ ಜಾಗದ ಬಾಡಿಗೆ, ತಾಲೀಮಿನ ಕಾಫಿ-ತಿಂಡಿ, ವೇಷಭೂಷಣ, ರಂಗಸಜ್ಜಿಕೆ, ಧ್ವನಿಮುದ್ರಣ ಬರುತ್ತವೆ. ಎರಡನೆಯದರಲ್ಲಿ ರಂಗಮಂದಿರದ ಬಾಡಿಗೆ, ಬೆಳಕು ಮತ್ತು ಧ್ವನಿ, ಕಾಲರ್ ಮೈಕ್‌ಗಳು, ಹಿಮ್ಮೇಳದವರ ಗೌರವಧನ, ಪ್ರಸಾಧನ, ಸಾಮಾನು ಸಾಗಿಸುವ ಲಾರಿ, ಊಟ, ಪ್ರಚಾರ. ಸಂಗೀತ ನಾಟಕದಲ್ಲಿ ಈ ಎರಡನೆಯ ಪಟ್ಟಿಯೇ ತಂಡವನ್ನು ಮುಳುಗಿಸುವುದು. ಹಾಡಿನ ನಕ್ಷೆಯ ಬಲಗಡೆಯ ಸಾಲನ್ನು ನೋಡಿ, ಎರಡೇ ಹಾಡಿಗೆ ಬೇಕಾಗುವ ವಾದ್ಯವನ್ನೂ ಒಂದೇ ದೃಶ್ಯದಲ್ಲಿ ಬರುವ ಆರು ಮಂದಿಯನ್ನೂ ಆಗಲೇ ಕೈಬಿಡಬೇಕು.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಕಟ್ಟುವ ಖರ್ಚು 6 ಲಕ್ಷ, ಪ್ರತಿ ಪ್ರದರ್ಶನದ ಖರ್ಚು 45 ಸಾವಿರ ಎಂದುಕೊಳ್ಳಿ. 300 ಆಸನದ ರಂಗಮಂದಿರದಲ್ಲಿ ಶೇ. 60ರಷ್ಟು ತುಂಬಿ, ಟಿಕೆಟ್ 200 ರೂಪಾಯಿಯಾದರೆ ಬರುವುದು 36 ಸಾವಿರ. ಅಂದರೆ ನಾಟಕ ಚೆನ್ನಾಗಿ ನಡೆಯುತ್ತಿದೆ ಎನ್ನಿಸುವಾಗಲೇ ಪ್ರತಿ ಸಂಜೆ 9 ಸಾವಿರ ನಷ್ಟ. ಸಂಘ-ಸಂಸ್ಥೆಗಳು 60 ಸಾವಿರ ಕೊಟ್ಟು ಕರೆಸಿಕೊಂಡರೆ ಪ್ರತಿ ಆಟಕ್ಕೆ 15 ಸಾವಿರ ಉಳಿಯುತ್ತದೆ. ಆ ದರದಲ್ಲಿ ಬಂಡವಾಳ ಮರಳಲು ನಲವತ್ತು ಆಟಗಳು ಬೇಕು. ಆದ್ದರಿಂದ ಲಾಭಾಂಶದ ಆಸೆ ತೋರಿಸಿ ಹಣ ಎತ್ತುವುದು ಅಪ್ರಾಮಾಣಿಕ. ಸಾರ್ವಜನಿಕರಿಂದ ಹಾಗೆ ಎತ್ತಿದರೆ ಠೇವಣಿ ಕಾನೂನುಗಳ ತೊಡಕೂ ಎದುರಾಗಬಹುದು. ಕಟ್ಟುವ ಖರ್ಚಿಗೆ ಅನುದಾನ ಮತ್ತು ದೇಣಿಗೆ, ಪ್ರದರ್ಶನದ ಖರ್ಚಿಗೆ ಟಿಕೆಟ್ ಮತ್ತು ಕರೆಸಿಕೊಳ್ಳುವವರ ಹಣ, ಈ ವಿಂಗಡಣೆ ಸ್ಪಷ್ಟವಿರಬೇಕು.

ಯಾರನ್ನು ಕೇಳುವುದು, ಹೇಗೆ ಕೇಳುವುದು

ಕೇಳುವ ಮೊದಲು ತಂಡಕ್ಕೆ ಒಂದು ಕಾನೂನುಬದ್ಧ ರೂಪ ಬೇಕು: ನೋಂದಾಯಿತ ಸಂಘ ಅಥವಾ ಟ್ರಸ್ಟ್, ಅದರ ಹೆಸರಿನಲ್ಲೇ ಪ್ಯಾನ್ ಮತ್ತು ಬ್ಯಾಂಕ್ ಖಾತೆ, ಆಡಿಟ್ ಆದ ಲೆಕ್ಕ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯವಾಗಲಿ, ಕೇಂದ್ರ ಸಂಸ್ಕೃತಿ ಸಚಿವಾಲಯದ ಅನುದಾನವಾಗಲಿ ಈ ಕಾಗದಗಳಿಲ್ಲದೆ ಮುಂದೆ ಸಾಗುವುದಿಲ್ಲ. ಸರ್ಕಾರಿ ಹಣ ಬರುವ ಹೊತ್ತಿಗೆ ಪ್ರದರ್ಶನ ಮುಗಿದಿರಬಹುದು; ಅದನ್ನು ನಂಬಿ ಮುಂಗಡ ಕೊಡುವ ಮಾತು ಕೊಡಬಾರದು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯಂಥವರು ಪ್ರಯೋಗಶೀಲತೆಯನ್ನು ನೋಡುತ್ತಾರೆ. ಅವರಿಗೆ ಕಥೆಗಿಂತ ಹಾಡಿನ ನಕ್ಷೆಯೇ ಹೆಚ್ಚು ಹೇಳುತ್ತದೆ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ನಿಧಿ ಇನ್ನೊಂದು ದಾರಿ. ನಿಗದಿತ ಗಾತ್ರಕ್ಕೆ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ವೆಚ್ಚ ಮಾಡಬೇಕೆಂದು 2013ರ ಕಂಪನಿ ಕಾಯಿದೆ ಹೇಳುತ್ತದೆ, ಮತ್ತು ಕಲೆ-ಸಂಸ್ಕೃತಿಯ ರಕ್ಷಣೆ ಆ ಪಟ್ಟಿಯಲ್ಲಿದೆ. ಆದರೆ ಹಣ ಪಡೆಯುವ ಸಂಸ್ಥೆ 2021ರಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಕಂಪನಿಯವರು ಕಲಾತ್ಮಕತೆಯ ಜೊತೆಗೆ ಎಷ್ಟು ಶಾಲಾ ಮಕ್ಕಳು ನೋಡಿದರು ಎಂಬ ಲೆಕ್ಕವನ್ನೂ ಕೇಳುತ್ತಾರೆ. ಹಳೆಯ ಕಾದಂಬರಿ ಆ ಪ್ರಶ್ನೆಗೆ ಸಹಜವಾದ ಉತ್ತರ ಕೊಡುತ್ತದೆ.

ಸಣ್ಣ ಊರುಗಳಲ್ಲಿ ಇವೆಲ್ಲಕ್ಕಿಂತ ಬೇಗ ಹಣ ಹುಟ್ಟುವುದು ಹಳೆಯ ಎರಡು ದಾರಿಗಳಲ್ಲಿ: ಸ್ಮರಣ ಸಂಚಿಕೆಯ ಜಾಹೀರಾತು ಮತ್ತು ಸಹಾಯಾರ್ಥ ಪ್ರದರ್ಶನ. ಸಹಕಾರಿ ಬ್ಯಾಂಕು, ಬಟ್ಟೆ ಅಂಗಡಿ, ಹೋಟೆಲಿನವರು ಒಂದು ಪುಟಕ್ಕೆ ಕೊಡುವ ಹಣ ಚಿಕ್ಕದಾದರೂ ಕೂಡಲೇ ಕೈಗೆ ಬರುತ್ತದೆ. ಇಡೀ ಪ್ರದರ್ಶನವನ್ನು ಒಂದು ಶಾಲೆಯ ಕಟ್ಟಡ ನಿಧಿಗೋ ಗ್ರಂಥಾಲಯಕ್ಕೋ ನಿಗದಿತ ಮೊತ್ತಕ್ಕೆ ಕೊಟ್ಟುಬಿಟ್ಟರೆ ಟಿಕೆಟ್ ಮಾರುವ ಹೊಣೆ ಅವರದಾಗುತ್ತದೆ. 500 ರೂಪಾಯಿವರೆಗಿನ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿ ವಿನಾಯಿತಿ ಇದೆ. ಆದರೆ ವ್ಯಾಪಾರದ ಪ್ರಚಾರಕ್ಕಾಗಿ ಕೊಡುವ ಪ್ರಾಯೋಜಕತ್ವದ ಹಣ ದೇಣಿಗೆಯಲ್ಲ ಎಂಬುದನ್ನು ಲೆಕ್ಕಪರಿಶೋಧಕರ ಬಳಿ ಮೊದಲೇ ಮಾತನಾಡಿಕೊಳ್ಳಬೇಕು. ದಾನಿಗಳಿಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ (1961ರ ಕಾಯಿದೆಯಲ್ಲಿ 80ಜಿ) ಇರುವ ಸಂಸ್ಥೆಗೂ ನಗದಾಗಿ ಕೊಟ್ಟ ದೇಣಿಗೆ 2,000 ರೂಪಾಯಿ ಮೀರಿದರೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ.

ಹೊರದೇಶದ ಕನ್ನಡಿಗರಿಂದ ನೆರವು ಪಡೆಯುವಾಗ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದು ಮುಖ್ಯವಾಗುತ್ತದೆ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆಯಾಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರ, ಅಲ್ಲಿನ ಸಂಘಗಳ ದೇಣಿಗೆ ವಿದೇಶಿ ದೇಣಿಗೆಯೇ ಆಗಿರುವುದರಿಂದ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಮುಟ್ಟಬಾರದು.

ಮನವಿ ಎರಡು ಪುಟ ಮೀರಬಾರದು. ಐದು ವಾಕ್ಯದ ಕಥೆ, ಈ ನಾಟಕ ಸಂಗೀತದಲ್ಲೇ ಏಕೆ ಆಗಬೇಕು ಎಂಬ ಒಂದು ಪ್ಯಾರಾ, ತಂಡದ ಪರಿಚಯ, ವೇಳಾಪಟ್ಟಿ, ಎರಡೂ ಖರ್ಚಿನ ಪಟ್ಟಿ, ಕೇಳುತ್ತಿರುವ ನಿರ್ದಿಷ್ಟ ಮೊತ್ತ. ‘ತಮ್ಮಿಂದಾದಷ್ಟು’ ಎಂದು ಬರೆದರೆ ಐದು ನೂರು ಬರುತ್ತದೆ. ‘ಹಿಮ್ಮೇಳದವರ ಎರಡು ತಿಂಗಳ ತಾಲೀಮಿಗೆ 80 ಸಾವಿರ’ ಎಂದು ಬರೆದರೆ ಮಾತುಕತೆ ಶುರುವಾಗುತ್ತದೆ. ಭೇಟಿಯಲ್ಲಿ ಮೊದಲು ಹಾಡು ಕೇಳಿಸಿ, ಆಮೇಲೆ ಕಾಗದ ಕೊಡಬೇಕು.

ಪೋಷಕರಿಗೆ ಏನು ಕೊಡುತ್ತೇವೆ, ಏನು ಕೊಡುವುದಿಲ್ಲ ಎರಡನ್ನೂ ಬರೆದುಕೊಡಬೇಕು. ಹೆಸರು, ಪಾಸು, ಸ್ಮರಣ ಸಂಚಿಕೆಯ ಪುಟ, ತಾಲೀಮು ನೋಡುವ ಆಹ್ವಾನ ಕೊಡಬಹುದು. ರಂಗಪಠ್ಯ ತಿದ್ದುವ ಅಧಿಕಾರ ಕೊಡಬಾರದು. ‘ಇಂದಿರಾಬಾಯಿ’ಯಂಥ ಕೃತಿಗೆ ಅದು ಚಿತ್ರಿಸುವ ಸಮಾಜದವರೇ ಉದಾರ ಪೋಷಕರಾಗಿ ಬರಬಹುದು, ಬಂದಾಗ ಸಂತರ ದೃಶ್ಯವನ್ನು ಸ್ವಲ್ಪ ಮೆದುಗೊಳಿಸಿ ಎಂಬ ಸಲಹೆಯೂ ಜೊತೆಗೇ ಬರಬಹುದು. ಆ ಸಮಾಜದೊಳಗಿನ ಲೇಖಕರೊಬ್ಬರೇ 1899ರಲ್ಲಿ ಅದನ್ನು ಅಚ್ಚು ಹಾಕಿಸಿದ್ದರು ಎಂದು ನಯವಾಗಿ ಹೇಳಿ, ಒಪ್ಪದಿದ್ದರೆ ಆ ಹಣವನ್ನು ಬಿಡಬೇಕು.

ಮೊದಲ ಪ್ರದರ್ಶನ ಮುಗಿದ ಒಂದು ತಿಂಗಳೊಳಗೆ ಹಣ ಕೊಟ್ಟ ಪ್ರತಿಯೊಬ್ಬರಿಗೂ, ಸಾವಿರ ಕೊಟ್ಟವರಿಗೂ ಸಹ, ಜಮಾ-ಖರ್ಚಿನ ಒಂದು ಪುಟ, ನಾಲ್ಕು ಛಾಯಾಚಿತ್ರ ಮತ್ತು ಬಂದ ವಿಮರ್ಶೆಗಳ ಪ್ರತಿ ಹೋಗಬೇಕು. ಅನುದಾನ ಕೊಟ್ಟ ಸಂಸ್ಥೆಗಳಿಗೆ ಹಣ ಬಳಕೆ ಪ್ರಮಾಣಪತ್ರ ಬೇರೆ. ಕರೆಸಿಕೊಳ್ಳುವವರಿಗಾಗಿ ಸಿದ್ಧಪಡಿಸಿದ ದರಪಟ್ಟಿಯನ್ನು, ಬೇಕಾಗುವ ರಂಗದ ಅಳತೆ ಮತ್ತು ಮೈಕುಗಳ ಸಂಖ್ಯೆಯ ಸಮೇತ, ಅದೇ ಲಕೋಟೆಯಲ್ಲಿ ಇಡಬೇಕು.